ಓದಿನ ಹಿಂದಿನ ಉಸಿರು

ಫೆಬ್ರವರಿ 9

ಪುಸ್ತಕ ಓದುವ ಅಮ್ಮನವರಿಗೆ ನಮಸ್ಕಾರ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಮ್ಮಂಥ ಕಣ್ಣಿಲ್ಲದವರಿಗಾಗಿ ಪುಸ್ತಕ ಓದಿ, ರೆಕಾರ್ಡ್ ಮಾಡಿ ಕೊಡುವವರ ಹೆಸರನ್ನಾಗಲಿ ಫೋನ್ ನಂಬರನ್ನಾಗಲಿ ಗ್ರಂಥಾಲಯದವರು ಹೇಳುವುದಿಲ್ಲವಂತೆ. ಕಾಗದ ಬರೆದರೆ ತಲುಪಿಸುತ್ತಾರಂತೆ. ಹಾಗಾಗಿ ಈ ಕಾಗದ.

ನಾನು ಲಾರಿ ಮೆಕ್ಯಾನಿಕ್. ಅಂದರೆ ಆಗಿದ್ದೆ. ಕಣ್ಣು ಕೈಕೊಟ್ಟ ಮೇಲೆ ಗ್ಯಾರೇಜನ್ನು ತಮ್ಮನಿಗೆ ಬಿಟ್ಟು ಮನೆಯಲ್ಲಿ ಕೂತಿದ್ದೇನೆ. ಹಾಗೆ ಕೂತವನಿಗೆ ಕೆಲಸ ಕೊಟ್ಟವರು ನೀವು. ತಿಂಗಳಿಗೊಮ್ಮೆ ಟಪಾಲಿನಲ್ಲಿ ನಿಮ್ಮ ಧ್ವನಿ ಬರುತ್ತದೆ. ಆ ಸಮುದ್ರಯಾನದ ದಪ್ಪ ಪುಸ್ತಕ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಮಧ್ಯಾಹ್ನದ ನಿದ್ದೆ ಬಂದ್ ಆಗಿದೆ. ಅದಕ್ಕೆ ಮೊದಲು ನಿಮ್ಮ ಉಪಕಾರ ನೆನೆಯುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನೀವು ಓದುವಾಗ ನಿಮ್ಮ ಧ್ವನಿಯ ಹಿಂದೆ ಇನ್ನೊಬ್ಬರ ಉಸಿರು ಕೇಳುತ್ತದೆ. ಯಾರೋ ಹಿರಿಯರು ಅದೇ ಕೋಣೆಯಲ್ಲಿ, ನೆಲದ ಮೇಲೋ ತಗ್ಗಿನ ಮಂಚದ ಮೇಲೋ ಮಲಗಿರುತ್ತಾರೆ. ಮೊದಲ ಅಧ್ಯಾಯಗಳಲ್ಲಿ ಅದು ನೆಮ್ಮದಿಯ ಗೊರಕೆ. ಅದರ ಜೊತೆ ನಾನೂ ತೂಕಡಿಸಿದ್ದುಂಟು. ಆದರೆ ಹಡಗು ಬಂದರು ಬಿಟ್ಟ ಮೇಲಿನ ಅಧ್ಯಾಯಗಳಲ್ಲಿ ಸದ್ದು ಬೇರೆಯಾಗಿದೆ. ಉಸಿರು ಹೊರಗೆ ಬಿಡುವಾಗ ಕೊನೆಯಲ್ಲಿ ಒಂದು ಸಣ್ಣ ಸಿಳ್ಳೆ. ನಡುನಡುವೆ ಬಾತುಕೋಳಿ ಕೂಗಿದ ಹಾಗೆ ಒಣ ಕೆಮ್ಮು. ಕೆಮ್ಮಿದ ಮೇಲೆ ಸ್ವಲ್ಪ ಹೊತ್ತು ಉಸಿರೇ ಇಲ್ಲ, ಆಮೇಲೆ ಎಳೆದುಕೊಂಡು ಬರುತ್ತದೆ.

ದಿನವೂ ಜೊತೆಗಿರುವವರಿಗೆ ಇಂಥ ಬದಲಾವಣೆ ಗೊತ್ತಾಗುವುದಿಲ್ಲ. ಲಾರಿ ಓಡಿಸುವವನಿಗೇ ತನ್ನ ಎಂಜಿನ್ನಿನ ಸದ್ದು ಬದಲಾದದ್ದು ತಿಳಿಯುವುದಿಲ್ಲ, ಅಪರೂಪಕ್ಕೆ ಕೇಳುವ ನಮಗೆ ಗೊತ್ತಾಗುತ್ತದೆ. ನಿಮ್ಮ ತಂದೆಯವರೋ ಮಾವನವರೋ ಯಾರೇ ಆಗಿರಲಿ, ಒಮ್ಮೆ ಡಾಕ್ಟರಿಗೆ ತೋರಿಸಿ. ತಪ್ಪು ತಿಳಿಯಬೇಡಿ.

ಇಂತಿ,
ನಿಮ್ಮ ಓದು ಕೇಳುವ ಮೆಕ್ಯಾನಿಕ್

(ಇದನ್ನು ಬರೆದುಕೊಟ್ಟವಳು ಇವರ ಹೆಂಡತಿ. ಊರವರ ಮನೆ ಉಸಿರಾಟ ನಮಗ್ಯಾಕೆ ಅಂತ ಹೇಳಿದೆ. ಕೇಳೋ ಜಾಯಮಾನವೇ ಅಲ್ಲ. ನೀವು ಬೇಜಾರು ಮಾಡ್ಕೋಬೇಡಿ.)


ಫೆಬ್ರವರಿ 23

ಮೆಕ್ಯಾನಿಕ್ ಅಣ್ಣನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನಗು ನಿಂತಿತು.

ನನ್ನ ಕೋಣೆಯಲ್ಲಿ ಮಲಗಿರುವ ಹಿರಿಯರು ನನ್ನ ನಾಯಿ. ಹೆಸರು ದೊರೆ. ಕುಳ್ಳ, ಡೊಳ್ಳುಹೊಟ್ಟೆ, ಒಂದು ಕಿವಿ ನಿಮಿರಿದರೆ ಇನ್ನೊಂದು ಜೋತುಬಿದ್ದಿರುತ್ತದೆ. ಹೆಸರಿಗೆ ತಕ್ಕ ಗತ್ತು ಮಾತ್ರ ಕಡಿಮೆಯಿಲ್ಲ. ನಾನು ಪರದೆ ಹೊಲಿಯುವವಳು. ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬಟ್ಟೆಯ ಥಾನುಗಳಿವೆ. ಹೊರಗಿನ ಗದ್ದಲವನ್ನೆಲ್ಲ ಅವು ನುಂಗಿಕೊಳ್ಳುತ್ತವೆಂದು ಸಂಜೆ ಮಿಷನ್ ನಿಲ್ಲಿಸಿ ಅಲ್ಲಿಯೇ ಓದುತ್ತೇನೆ. ದೊರೆ ಮೇಜಿನ ಕೆಳಗೆ ನನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗುತ್ತಾನೆ. ವಯಸ್ಸಾಯಿತು, ಕೆಮ್ಮುತ್ತಾನೆ, ಅಷ್ಟೇ ಎಂದುಕೊಂಡಿದ್ದೆ. ನೀವು ಬರೆಯದಿದ್ದರೆ ಈಗಲೂ ಹಾಗೆಯೇ ಅಂದುಕೊಂಡಿರುತ್ತಿದ್ದೆ.

ಮರುದಿನವೇ ಕರೆದುಕೊಂಡು ಹೋದೆ. ಪ್ರಾಣಿಗಳ ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು, ಎಕ್ಸ್-ರೇ ತೆಗೆಸಿದರು. "ಕೆಮ್ಮು ಅಂದ ತಕ್ಷಣ ಔಷಧ ಕೊಡೋಕಾಗಲ್ಲಮ್ಮ. ಕೆಮ್ಮು ಹೃದಯದಿಂದ ಬರ್ತಿದ್ರೆ ಮೈಯಲ್ಲಿ ನಿಂತ ನೀರು ತೆಗೆಯೋ ಮಾತ್ರೆ, ಸೋಂಕಾಗಿದ್ರೆ ಆಂಟಿಬಯಾಟಿಕ್. ಉಸಿರುಕೊಳವೆ ಊದ್ಕೊಂಡಿದ್ರೆ ದಾರಿಯೇ ಬೇರೆ," ಎಂದರು. ನಮ್ಮ ದೊರೆಯ ಹೃದಯ ಗಟ್ಟಿಯಾಗಿದೆ. ಗಂಟಲ ಕೊಳವೆ ವಯಸ್ಸಿಗೆ ಮೆತ್ತಗಾಗಿದೆ, ಎದೆಯೊಳಗಿನ ಕೊಳವೆಗಳು ಊದಿಕೊಂಡಿವೆ. ಇದು ಪೂರ್ತಿ ವಾಸಿಯಾಗುವಂಥದ್ದಲ್ಲ, ಆದರೆ ಹಿಡಿತದಲ್ಲಿ ಇಟ್ಟುಕೊಂಡು ಸುಖವಾಗಿ ಬದುಕಬಹುದು ಎಂದರು. ಊತ ಇಳಿಯಲು ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದಾರೆ. ಕತ್ತಿನ ಪಟ್ಟಿ ತೆಗೆಸಿ ಎದೆಗೆ ಕಟ್ಟುವ ಪಟ್ಟಿ ಹಾಕಿಸಿದ್ದಾರೆ. ತೂಕ ಇಳಿಸಬೇಕಂತೆ. ಬಟ್ಟೆಯ ದೂಳೂ ಆಗಿಬರುವುದಿಲ್ಲವಂತೆ, ದಿನಾ ಒದ್ದೆ ಬಟ್ಟೆಯಲ್ಲಿ ಕೋಣೆ ಒರೆಸುತ್ತಿದ್ದೇನೆ.

ಮುಖ ನೋಡದ ನೀವು ನನ್ನ ಮನೆಯ ಜೀವದ ಬಗ್ಗೆ ಇಷ್ಟು ಕಾಳಜಿ ಮಾಡಿದಿರಿ. ನಿಮ್ಮ ಋಣ ದೊಡ್ಡದು.

ಇಂತಿ,
ಓದುವವಳು


ಮಾರ್ಚ್ 6

ತಂಗಿಗೆ ಆಶೀರ್ವಾದ.

ಅಣ್ಣ ಅಂದಿದ್ದೀರಿ, ಇನ್ನು ತಂಗಿ ಅನ್ನದೆ ಬಿಡುವುದಿಲ್ಲ. ನಿಮ್ಮ ಕಾಗದ ಓದಿ ಹೇಳುವಾಗ ನನ್ನ ಹೆಂಡತಿ "ಹಿರಿಯರು ನನ್ನ ನಾಯಿ" ಎಂಬಲ್ಲಿಗೆ ಬಂದಾಗ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಕಾಗದ ಪಕ್ಕಕ್ಕಿಟ್ಟು ನೀರು ಕುಡಿದು ಬಂದಳು. ಗ್ಯಾರೇಜಿನವರಿಗೂ ಹೇಳಿದ್ದಾಳೆ. ನಾಯಿಗೆ ಮಾವನ ಪಟ್ಟ ಕಟ್ಟಿದವನು ಅಂತ ತಮ್ಮನೂ ಆಡಿಕೊಳ್ಳುತ್ತಿದ್ದಾನೆ. ಆಡಿಕೊಳ್ಳಲಿ, ದೊರೆಗೆ ಮದ್ದು ಸಿಕ್ಕಿತಲ್ಲ.

ಮಾತ್ರೆ ಹೇಗೆ ಹಿಡಿಸುತ್ತಿದೆ ಬರೆಯಿರಿ. ಪುಸ್ತಕದ ಆ ಕ್ಯಾಪ್ಟನ್ ಆದಷ್ಟು ಬೇಗ ದಡ ಮುಟ್ಟುವ ಹಾಗೆ ನೋಡಿಕೊಳ್ಳಿ, ಅವನ ಹಡಗಿನಲ್ಲಿ ನೀರು ಮುಗಿದು ನನಗೇ ಬಾಯಾರಿಕೆಯಾಗುತ್ತಿದೆ.

ನಿಮ್ಮ
ಮೆಕ್ಯಾನಿಕ್ ಅಣ್ಣ

(ಕೆಮ್ಮಿದ್ದೆಲ್ಲ ಬರೆಸಬೇಕಿತ್ತಾ ಅಂತ ಕೇಳಿದೆ. ಹೂಂ, ಬರಿ ಅಂದರು. ಬರೆದಿದ್ದೇನೆ.)


ಮಾರ್ಚ್ 8

ತಂಗಿ,

ಅಕ್ಷರ ಬೇರೆಯಿದೆ ಎಂದು ನೋಡಿದ ಕೂಡಲೇ ಗೊತ್ತಾಗಿರುತ್ತದೆ. ಬರೆಯುತ್ತಿರುವವರು ಪಕ್ಕದ ಮನೆಯ ಬ್ಯಾಂಕಿನವರು. ನನ್ನ ಹೆಂಡತಿ ಅಂಗಡಿಗೆ ಹೋಗಿದ್ದಾಳೆ, ಬರುವಷ್ಟರಲ್ಲಿ ಮುಗಿಸಬೇಕು.

ನಿಮ್ಮ ದೊರೆಯ ಸದ್ದು ಅಷ್ಟು ಬೇಗ ನನ್ನ ಕಿವಿಗೆ ಬಿದ್ದದ್ದು ಯಾಕೆ ಅಂದರೆ, ಅದೇ ಸಿಳ್ಳೆ ನನ್ನ ಪಕ್ಕದಲ್ಲಿಯೇ ಮಲಗುತ್ತದೆ. ಕಳೆದ ಚಳಿಗಾಲದಿಂದ ನನ್ನ ಹೆಂಡತಿಯ ಉಸಿರು ಹಾಗಿದೆ. ಮೆಟ್ಟಿಲು ಹತ್ತಿದರೆ ಮೇಲೆ ನಿಂತು ಏನೋ ಹುಡುಕುವವಳ ಹಾಗೆ ಮಾಡುತ್ತಾಳೆ. ಏನೂ ಹುಡುಕುತ್ತಿಲ್ಲ, ಉಸಿರು ತೆಗೆದುಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತು. ಡಾಕ್ಟರ ಮಾತೆತ್ತಿದರೆ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅನ್ನುತ್ತಾಳೆ. ಹೆಚ್ಚು ಒತ್ತಾಯ ಮಾಡಿದರೆ ಎರಡು ದಿನ ಮಾತು ಬಿಡುತ್ತಾಳೆ. ಕಣ್ಣಿಲ್ಲದವನಿಗೆ ಹೆಂಡತಿ ಮಾತು ಬಿಟ್ಟರೆ ಮನೆಯಲ್ಲಿ ದೀಪ ಆರಿದ ಹಾಗೆ, ತಂಗಿ. ನಾನೇ ಸೋಲುತ್ತೇನೆ.

ಮೊದಲ ಕಾಗದ ಬರೆಸುವಾಗಲೂ ಅರ್ಧ ನಿಮಗೆ, ಅರ್ಧ ಅವಳಿಗೆ ಹೇಳುತ್ತಿದ್ದೆ. ತಿಳಿಯಿತೋ ಇಲ್ಲವೋ, ಬರೆದು ಮುಗಿಸಿ ಲಕೋಟೆ ಅಂಟಿಸಿಬಿಟ್ಟಳು.

ನಿಮ್ಮಿಂದ ಒಂದು ಉಪಕಾರ ಆಗಬೇಕು. ದೊರೆಯ ಚಿಕಿತ್ಸೆಯ ಬಗ್ಗೆ ವಿವರವಾಗಿ ಬರೆಯಿರಿ. ಡಾಕ್ಟರು ಏನಂದರು, ಯಾವ ಮದ್ದಿನಿಂದ ಏನಾಯಿತು, ಎಲ್ಲ. ನಿಮ್ಮ ಕಾಗದ ನನಗೆ ಗಟ್ಟಿಯಾಗಿ ಓದಿ ಹೇಳುವವಳು ಅವಳೇ. ನನ್ನ ಬಾಯಿಂದ ಬಂದದ್ದನ್ನು ಅವಳು ಕೇಳುವುದಿಲ್ಲ, ತನ್ನ ಬಾಯಿಂದ ಬಂದದ್ದನ್ನಾದರೂ ಕೇಳಿಸಿಕೊಳ್ಳಲಿ. ಈ ಕಾಗದಕ್ಕೆ ಮಾತ್ರ ಉತ್ತರ ಬರೆಯಬೇಡಿ.

ಅಣ್ಣ


ಮಾರ್ಚ್ 25

ಅಣ್ಣನಿಗೆ, ಕಾಗದ ಓದುತ್ತಿರುವ ಅತ್ತಿಗೆಗೆ ನಮಸ್ಕಾರಗಳು.

ಈ ಸಲದ ಕಾಗದ ಸ್ವಲ್ಪ ಉದ್ದ. ದೊರೆಯ ಪುರಾಣ ಕೇಳುವವರು ನೀವಿಬ್ಬರೇ ಆಗಿರುವುದರಿಂದ ಸಹಿಸಿಕೊಳ್ಳಬೇಕು.

ಸ್ಟೀರಾಯ್ಡ್ ಮಾತ್ರೆ ಮೊದಲ ವಾರದಲ್ಲಿಯೇ ಕೆಲಸ ಮಾಡಿತು. ಸಿಳ್ಳೆ ತಗ್ಗಿತು, ಬಾಗಿಲವರೆಗೆ ಓಡಿ ಹೋಗಿ ಟಪಾಲಿನವರಿಗೆ ಬೊಗಳುವ ಹಳೆಯ ಚಾಳಿ ವಾಪಸಾಯಿತು. ಆದರೆ ಅದರ ಜೊತೆ ಬೇರೆ ಸಂಸಾರವೂ ಬಂತು. ವಿಪರೀತ ಹಸಿವು, ವಿಪರೀತ ದಾಹ. ಬಕೆಟ್ಟಿಗೇ ಬಾಯಿ ಹಾಕುತ್ತಾನೆ, ಕುಡಿದದ್ದನ್ನೆಲ್ಲ ನಾನು ಕತ್ತರಿಸಿಟ್ಟ ಬಟ್ಟೆಯ ಮೇಲೆ ಬಿಡುತ್ತಾನೆ. ಸುಮ್ಮನೆ ಕೂತಾಗಲೂ ನಾಲಗೆ ಚಾಚಿ ಏದುಸಿರು ಬಿಡುತ್ತಾನೆ. ಗಾಬರಿಯಾಗಿ ಮಾತ್ರೆ ನಿಲ್ಲಿಸಿಬಿಡಲೇ ಎಂದು ಡಾಕ್ಟರಮ್ಮನನ್ನು ಕೇಳಿದರೆ, ನನ್ನನ್ನು ಗದರಿದರು. "ಈ ಮಾತ್ರೆ ಒಂದೇ ಸಲಕ್ಕೆ ನಿಲ್ಲಿಸೋ ಹಾಗಿಲ್ಲ. ನಿಧಾನವಾಗಿ ಇಳಿಸ್ಕೊಂಡು ಬರಬೇಕು. ಏದುಸಿರು ಮಾತ್ರೆಯದ್ದು, ರೋಗದ್ದಲ್ಲ."

ಮುಂದಿನ ದಾರಿಗಳನ್ನೂ ಹೇಳಿದ್ದಾರೆ. ಉಸಿರುಕೊಳವೆಯನ್ನು ಅಗಲ ಮಾಡುವ ಮಾತ್ರೆ ಒಂದಿದೆಯಂತೆ, ಆದರೆ ಕೆಲವು ನಾಯಿಗಳಿಗೆ ಅದರಿಂದ ಚಡಪಡಿಕೆ ಹೆಚ್ಚುತ್ತದಂತೆ. ಇನ್ನೊಂದು, ಮೂತಿಗೆ ಮಾಸ್ಕು ಹಿಡಿದು ಪಂಪಿನಿಂದ ಸ್ಟೀರಾಯ್ಡನ್ನು ಉಸಿರಿನ ಮೂಲಕವೇ ಕೊಡುವುದು. ಮನುಷ್ಯರು ಬಳಸುವ ಪಂಪಿನ ಹಾಗೆಯೇ. ಮದ್ದು ಬೇಕಾದ ಜಾಗಕ್ಕೆ ಮಾತ್ರ ಹೋಗುವುದರಿಂದ ದಾಹ, ಹಸಿವಿನ ಕಾಟ ಕಡಿಮೆ. ಮಾತ್ರೆ ಇಳಿಸುತ್ತಾ ಬಂದ ಹಾಗೆ ಅದಕ್ಕೆ ದಾಟಿಸೋಣ ಎಂದಿದ್ದಾರೆ. ಒಣ ಕೆಮ್ಮು ಜಾಸ್ತಿಯಾಗಿ ನಿದ್ದೆ ಕೆಟ್ಟರೆ ಮಾತ್ರ ಕೊಡಲು ಒಂದು ಸಿರಪ್ ಕೊಟ್ಟಿದ್ದಾರೆ.

ಒಂದು ಮಾತು ಹೇಳಬೇಕು. ಡಾಕ್ಟರ ಬಾಗಿಲು ತಟ್ಟುವ ಮುಂಚೆ ಎರಡು ಸಲ ವಾಪಸು ತಿರುಗಿದ್ದೆ. ಏನಾದರೂ ಇದೆ ಅಂದುಬಿಟ್ಟರೆ ಎಂಬ ಹೆದರಿಕೆ. ಇದೆ ಎಂದೇ ಹೇಳಿದರು. ಆದರೆ ಅದಕ್ಕೊಂದು ಹೆಸರಿದೆ, ಮದ್ದಿದೆ, ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸವಿದೆ ಎಂದು ಗೊತ್ತಾದ ಮೇಲೆ ಮನೆಗೆ ಬಂದು ಬಹಳ ದಿನಗಳ ನಂತರ ಹೊಟ್ಟೆ ತುಂಬಾ ಊಟ ಮಾಡಿದೆ. ದೊರೆ ಒಳ್ಳೆಯವನು, ನನಗೇನಾಗಿದೆ ಎಂದು ಹಟ ಮಾಡಲಿಲ್ಲ.

ಗ್ರಂಥಾಲಯದಿಂದ ಒಂದು ಚೀಟಿ ಬಂದಿದೆ. ಹಿನ್ನೆಲೆಯಲ್ಲಿ ಪ್ರಾಣಿಯ ಕೆಮ್ಮು ಕೇಳಿಸುತ್ತಿದೆ, ಹೀಗಾದರೆ ಪುಸ್ತಕವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು. ದೊರೆಯನ್ನು ಹೊರಗೆ ಹಾಕಿದರೆ ಬಾಗಿಲು ಕೆರೆದು ಇನ್ನೂ ಹೆಚ್ಚು ಕೆಮ್ಮುತ್ತಾನೆ. ಅದಕ್ಕೂ ಒಂದು ಉಪಾಯ ಮಾಡಿದ್ದೇನೆ. ಪುಸ್ತಕ ಕೈತಪ್ಪಿ ಹೋಗುವುದಿಲ್ಲ, ಯೋಚನೆ ಬೇಡ.

ನಿಮ್ಮ
ಓದುವ ತಂಗಿ


ಏಪ್ರಿಲ್ 14

ತಂಗಿಗೆ ಆಶೀರ್ವಾದ.

ಹೊಸ ಅಧ್ಯಾಯಗಳು ಬಂದವು. ಮೊದಲನೆಯದರಲ್ಲಿ ಏದುಸಿರು ಕೇಳಿ ನನ್ನ ಜೀವ ಬಾಯಿಗೆ ಬಂತು. ರೋಗ ಏರಿತು ಅಂದೆ. "ಅದು ಮಾತ್ರೆಯಿಂದ ಅಂತ ಬರೆದಿದ್ದಾರಲ್ಲ, ನಾನೇ ಓದಿ ಹೇಳಿಲ್ವಾ, ತೆಪ್ಪಗೆ ಕೇಳಿ" ಅಂದಳು ಇವಳು. ಸರಿ, ನನ್ನ ಕಿವಿಯೂ ಒಂದೊಂದು ಸಲ ಬುರುಡೆ ಬಿಡುತ್ತದೆ.

ಆದರೆ ಕೊನೆಯ ಮೂರು ಅಧ್ಯಾಯಗಳ ಬಗ್ಗೆ ಹೇಳಲೇಬೇಕು. ಅವುಗಳಲ್ಲಿ ಕೆಮ್ಮೇ ಇಲ್ಲ. ಗ್ರಂಥಾಲಯದವರಿಗೆ ಖುಷಿಯಾಗಿರಬಹುದು. ನನಗೆ ಆಗಲಿಲ್ಲ. ಕೆಮ್ಮು ನಿಂತಿದೆ, ಉಸಿರು ಹಗುರವಾಗಿಲ್ಲ. ಒಳಗೆ ಏನೋ ಗುಳುಗುಳು ಅನ್ನುತ್ತಿದೆ, ಹೊರಗೆ ಬರಬೇಕಾದದ್ದು ಬರದೆ ಅಲ್ಲಿಯೇ ಕೂತ ಹಾಗೆ. ಹಿಂದೆ ಒಬ್ಬ ಡ್ರೈವರ್ ಗಾಡಿಯ ಸದ್ದು ಜಾಸ್ತಿಯಾಯಿತೆಂದು ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿಕೊಂಡು ಬಂದಿದ್ದ. ಸದ್ದು ನಿಂತಿತ್ತು, ಗಾಡಿಯೂ ನಿಂತಿತ್ತು. ತಂಗಿ, ನೀವು ಮಾಡಿದ ಉಪಾಯ ಏನು? ನನ್ನ ಮಾತು ತಪ್ಪಾದರೆ ನಕ್ಕುಬಿಡಿ, ಆದರೆ ನಾಳೆಯೇ ಡಾಕ್ಟರಮ್ಮನ ಹತ್ತಿರ ಹೋಗಿ.

ಇಷ್ಟು ಹೇಳುವಷ್ಟರಲ್ಲಿ ನನ್ನ ಗುಮಾಸ್ತೆ ಪೆನ್ನು ಕೆಳಗಿಟ್ಟು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು "ಮುಂದೆ ಹೇಳಿ" ಅಂದಳು. ಇದನ್ನೂ ಬರಿ ಅಂದೆ. ಬರೆದಿದ್ದಾಳೆ ಎಂದುಕೊಂಡಿದ್ದೇನೆ.

ನಿಮ್ಮ
ಅಣ್ಣ


ಏಪ್ರಿಲ್ 29

ಅಣ್ಣ, ಅತ್ತಿಗೆ,

ದೊರೆ ಬದುಕಿದ್ದಾನೆ. ಅದನ್ನು ಮೊದಲು ಹೇಳಿ ಆಮೇಲೆ ಉಳಿದದ್ದು ಬರೆಯುತ್ತೇನೆ.

ನನ್ನ ಉಪಾಯ ಎಂದರೆ ಆ ಸಿರಪ್. ನಿದ್ದೆ ಕೆಟ್ಟರೆ ಮಾತ್ರ ಕೊಡಿ ಎಂದಿದ್ದರು. ನಾನು ದಿನಾ ಸಂಜೆ ಓದಲು ಕೂರುವ ಮುಂಚೆ ಕೊಡತೊಡಗಿದೆ. ಕೆಮ್ಮು ನಿಂತಿತು, ಓದು ಚೊಕ್ಕವಾಗಿ ಬಂತು. ಗ್ರಂಥಾಲಯದವರು ಭೇಷ್ ಎಂದು ಬರೆದರು, ನಾನೂ ಹಿಗ್ಗಿದೆ. ಅಷ್ಟರಲ್ಲಿ ಒಣ ಕೆಮ್ಮು ಹೋಗಿ ಕಫದ ಕೆಮ್ಮು ಶುರುವಾಗಿತ್ತು, ಆ ಕಫ ಕೆಮ್ಮಿಯೇ ಹೊರಗೆ ಬರಬೇಕಿತ್ತು. ನಾನು ಅದರ ದಾರಿಗೆ ಅಡ್ಡ ನಿಂತಿದ್ದೆ. ನಿಮ್ಮ ಕಾಗದ ಬಂದ ದಿನ ಅವನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೊಲಿಗೆ ಬಿಟ್ಟು ಎತ್ತಿಕೊಂಡು ಓಡಿದೆ. ಶ್ವಾಸಕೋಶಕ್ಕೆ ಸೋಂಕು ಇಳಿದಿತ್ತು. "ಇನ್ನೂ ಎರಡು ದಿನ ತಡ ಮಾಡಿದ್ರೆ ನಾನೇನೂ ಮಾಡೋಕಾಗ್ತಿರಲಿಲ್ಲ," ಎಂದರು ಡಾಕ್ಟರಮ್ಮ. ಅಲ್ಲಿಯೇ ಇಟ್ಟುಕೊಂಡು ಆಮ್ಲಜನಕ ಕೊಟ್ಟರು, ಆಂಟಿಬಯಾಟಿಕ್ ಕೊಟ್ಟರು, ಉಪ್ಪುನೀರಿನ ಹಬೆಯನ್ನು ಯಂತ್ರದಲ್ಲಿ ಕೊಟ್ಟು ಬೆನ್ನು ತಟ್ಟಿ ಕಫ ಬಿಡಿಸಿದರು. ಈಗ ಮನೆಗೆ ಬಂದು ನನ್ನ ಪಾದದ ಮೇಲೆ ಗಲ್ಲವಿಟ್ಟಿದ್ದಾನೆ. ಕೆಮ್ಮುತ್ತಾನೆ. ಆ ಕೆಮ್ಮು ಕೇಳಿದರೆ ನನಗೆ ಈಗ ಖುಷಿ.

ಬೈಯುವವರು ಯಾರೂ ಇಲ್ಲದ ಮನೆಯಲ್ಲಿ ನನ್ನನ್ನು ನಾನೇ ಬೈದುಕೊಂಡೆ. ಕೆಮ್ಮು ನಿಲ್ಲುವುದು ಬೇಕಾಗಿದ್ದದ್ದು ನನಗೆ, ದೊರೆಗಲ್ಲ. ಕೇಳುವವರ ಕಿವಿಗೆ ತೊಂದರೆಯಾಗಬಾರದೆಂದು ಅವನ ಬಾಯಿ ಮುಚ್ಚಿಸಿದೆ. ಕೇಳುವವರಿಗೆ ತೊಂದರೆಯೇ ಆಗಿರಲಿಲ್ಲ ಎಂದು ನಿಮ್ಮ ಕಾಗದದಿಂದ ಗೊತ್ತಾಯಿತು. ಕೆಮ್ಮು ಇಲ್ಲದಿದ್ದಾಗಲೇ ನೀವು ಹೆದರಿದ್ದು. ಅಣ್ಣ, ನಿಮ್ಮ ಕಿವಿ ಇರದಿದ್ದರೆ ನನ್ನ ದೊರೆ ಇರುತ್ತಿರಲಿಲ್ಲ. ಈ ಜನ್ಮದಲ್ಲಿ ಇದನ್ನು ನಾನು ಮರೆಯುವುದಿಲ್ಲ.

ಗ್ರಂಥಾಲಯದವರಿಗೆ ಬರೆದಿದ್ದೇನೆ. ಓದುವವಳು ಬೇಕಾದರೆ ಅವಳ ಜೊತೆ ನಾಯಿ ಬರುತ್ತದೆ, ನಾಯಿಯ ಜೊತೆ ಕೆಮ್ಮು ಬರುತ್ತದೆ, ಬೇಡವಾದರೆ ಪುಸ್ತಕ ಬೇರೆಯವರಿಗೆ ಕೊಡಿ ಎಂದು. ಸಂಕಟವಾಯಿತು. ಆದರೆ ಬರೆದೆ.

ಇದನ್ನು ಓದುತ್ತಿರುವ ಅತ್ತಿಗೆಗೆ ಕೈಮುಗಿದು ನಮಸ್ಕಾರ. ಅಣ್ಣನ ಮಾತನ್ನು ಅಕ್ಷರ ಬಿಡದೆ ಬರೆದು ಕಳಿಸಿದವರು ನೀವು. ದೊರೆ ಉಳಿದದ್ದರಲ್ಲಿ ನಿಮ್ಮ ಕೈಯೂ ಇದೆ.

ನಿಮ್ಮ
ತಂಗಿ


ಜೂನ್ 1

ಅಣ್ಣ, ಅತ್ತಿಗೆಗೆ ನಮಸ್ಕಾರಗಳು.

ಒಂದು ತಿಂಗಳಾಯಿತು, ನಿಮ್ಮಿಂದ ಕಾಗದವಿಲ್ಲ. ನಾನು ಬರೆದದ್ದರಲ್ಲಿ ಹೆಚ್ಚು ಕಡಿಮೆಯಾಯಿತೇ ಎಂದು ಯೋಚನೆ. ಟಪಾಲಿನವರ ಸೈಕಲ್ ಬೆಲ್ಲಿಗೆ ಈಗ ದೊರೆಗಿಂತ ಮುಂಚೆ ನಾನೇ ಬಾಗಿಲಿಗೆ ಹೋಗುತ್ತೇನೆ.

ಗ್ರಂಥಾಲಯದವರು ಒಪ್ಪಿದ್ದಾರೆ. ಪುಸ್ತಕದ ಶುರುವಿನಲ್ಲಿ, ಓದುವವರ ಜೊತೆ ನಾಯಿಯೊಂದಿದೆ, ಕೇಳುಗರು ಸಹಕರಿಸಬೇಕು ಎಂದು ಒಂದು ಮಾತು ಸೇರಿಸುತ್ತಾರಂತೆ. ದೊರೆಗೆ ಪಂಪು ಶುರುವಾಗಿದೆ. ಮೊದಲು ಮಾಸ್ಕು ಕಂಡರೆ ಮಂಚದ ಕೆಳಗೆ ನುಗ್ಗುತ್ತಿದ್ದ. ಅದರೊಳಗೆ ಬ್ರೆಡ್ಡಿನ ಚೂರು ಇಟ್ಟು ಇಟ್ಟು ಅಭ್ಯಾಸ ಮಾಡಿಸಿದೆ. ಈಗ ತಾನಾಗಿಯೇ ಮೂತಿ ತೂರಿಸುತ್ತಾನೆ. ಓದಲು ಕೂರುವ ಮುಂಚೆ ಮಾಸ್ಕು ಹಿಡಿದು ಅವನ ಉಸಿರು ಎಣಿಸುತ್ತೇನೆ. ಒಂದು ಅಧ್ಯಾಯದಲ್ಲಿ ರೆಕಾರ್ಡಿಂಗ್ ಮೊದಲೇ ಚಾಲೂ ಆಗಿ ಆ ಎಣಿಕೆಯೂ ಸೇರಿಬಿಟ್ಟಿದೆ. ತೆಗೆದುಹಾಕಲು ಮನಸ್ಸಾಗಲಿಲ್ಲ.

ನೀವಿಬ್ಬರೂ ಹೇಗಿದ್ದೀರಿ? ಎರಡು ಸಾಲು ಬರೆದರೂ ಸಾಕು.

ನಿಮ್ಮ
ತಂಗಿ


ಜೂನ್ 20

ನಮ್ಮ ನಾದಿನಿಗೆ,

ಈ ಸಲ ಯಾರೂ ಹೇಳಿ ಬರೆಸುತ್ತಿಲ್ಲ. ನಾನೇ ಬರೆಯುತ್ತಿದ್ದೇನೆ. ಇವರು ಗ್ಯಾರೇಜಿನಲ್ಲಿ ತಮ್ಮನ ತಲೆ ತಿನ್ನಲು ಹೋಗಿದ್ದಾರೆ.

ಮೊದಲಿಗೆ, ನಿಮ್ಮಿಬ್ಬರ ಗುಟ್ಟು ನನಗೆ ಮಾರ್ಚಿನಲ್ಲೇ ಗೊತ್ತಿತ್ತು. ಪಕ್ಕದ ಮನೆಯ ಬ್ಯಾಂಕಿನವರು ಎಂದಾದರೂ ಹೆಂಡತಿಯಿಂದ ಮಾತು ಮುಚ್ಚಿಟ್ಟಿದ್ದುಂಟೇ? ಮರುದಿನವೇ ಆಕೆ ಕಾಂಪೌಂಡಿನ ಹತ್ತಿರ ನನಗೆ ಎಲ್ಲ ಹೇಳಿದಳು. ಸಿಟ್ಟು ಬಂತು. ನಾಯಿಯ ನೆಪದಲ್ಲಿ ನನಗೆ ಪಾಠ ಹೇಳಲು ಹೊರಟಿದ್ದಾರೆ, ನೋಡೇಬಿಡೋಣ ಅಂದುಕೊಂಡೆ. ನಿಮ್ಮ ಕಾಗದವನ್ನು, ಏನೇ ಬರೆದಿರಲಿ ಅಂತ, ಇನ್ನೂ ಗಟ್ಟಿಯಾಗಿ ಓದಿದೆ, ನನಗೇನೂ ತಟ್ಟಿಲ್ಲ ಎಂದು ತೋರಿಸಲು.

ಆದರೆ ಸಿರಪ್ಪಿನ ವಿಷಯ ನಿಮ್ಮಿಬ್ಬರಿಗೂ ಗೊತ್ತಿರಲಿಲ್ಲ ಎಂದುಕೊಂಡಿದ್ದೆ. ನಾನೂ ಕುಡಿಯುತ್ತಿದ್ದೆ. ಔಷಧದ ಅಂಗಡಿಯಿಂದ ಕೇಳಿ ತಂದು, ಮಲಗುವ ಮುಂಚೆ ಎರಡು ಮುಚ್ಚಳ. ಇವರಿಗೆ ಕೆಮ್ಮು ಕೇಳಿಸಬಾರದೆಂದು. ಕೇಳಿಸಿದರೆ ಹೆದರುತ್ತಾರೆ. ನನಗೇನಾದರೂ ಇದೆ ಎಂದು ಡಾಕ್ಟರು ಹೇಳಿ ಆಸ್ಪತ್ರೆಯಲ್ಲಿ ಮಲಗಿಸಿದರೆ ಇವರಿಗೆ ಬೆಳಿಗ್ಗೆ ಚಹಾದ ಲೋಟ ಕೈಗೆ ಕೊಡುವವರು ಯಾರು? ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಿಮ್ಮ ಏಪ್ರಿಲ್ ಕಾಗದ ಓದುವಾಗ "ಕೇಳುವವರ ಕಿವಿಗೆ ತೊಂದರೆಯಾಗಬಾರದೆಂದು ಅವನ ಬಾಯಿ ಮುಚ್ಚಿಸಿದೆ" ಎಂಬಲ್ಲಿ ಸಾಲು ತಪ್ಪಿಸಿಕೊಂಡೆ. ಹೇಗೋ ಕೊನೆಯವರೆಗೆ ಓದಿದೆ. ಇವರು ಎದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಸಕ್ಕರೆ ಡಬ್ಬದ ಹಿಂದೆ ಕೈಹಾಕಿ ನೇರವಾಗಿ ಬಾಟಲಿ ತಂದು ನನ್ನ ಮುಂದಿಟ್ಟರು. ಆಮೇಲೆ ಹೋಗಿ ಮಲಗಿದರು. ಎಷ್ಟು ತಿಂಗಳಿಂದ ಗೊತ್ತಿತ್ತೋ, ಮುಚ್ಚಳ ತೆಗೆಯುವ ಸದ್ದು ಎಷ್ಟು ಸಲ ಕೇಳಿಸಿಕೊಂಡಿದ್ದರೋ.

ಸಿಕ್ಕಿಬಿದ್ದವಳಿಗೆ ಸಿಟ್ಟು ಹೆಚ್ಚು. ಪೆನ್ನಿನಲ್ಲಿ ಶಾಯಿಯಿಲ್ಲ, ಹಾಳೆ ಮುಗಿದಿದೆ, ಕೈ ನೋವು ಎಂದು ಒಂದು ತಿಂಗಳು ಕಾಗದ ಬರೆಯಲಿಲ್ಲ. ಅದಕ್ಕೆ ಕ್ಷಮಿಸಿ. ನೀವು ಬಾಗಿಲಲ್ಲಿ ಕಾದಿರುತ್ತೀರಿ ಎಂದು ಗೊತ್ತಿತ್ತು, ಆದರೂ ಬರೆಯಲಿಲ್ಲ.

ಆಮೇಲೆ ಹೊಸ ಅಧ್ಯಾಯ ಬಂತು. ಇವರು ಹಾಕಿದರು, ನಾನು ತರಕಾರಿ ಹೆಚ್ಚುತ್ತಿದ್ದೆ. ಕಥೆಗೆ ಮುಂಚೆ ಪುಸ್ಸ್ ಎಂದು ಸದ್ದು, ಆಮೇಲೆ ನಿಮ್ಮ ಧ್ವನಿ. ಒಂದು. ಎರಡು. ಜಾಣ, ಇನ್ನೊಂದು. ಮೂರು. ನೀವು ಎಣಿಸುತ್ತಿದ್ದಿರಿ, ಆ ಮೂಕ ಜೀವ ನಿಮ್ಮನ್ನು ನಂಬಿ ಉಸಿರು ಎಳೆದುಕೊಳ್ಳುತ್ತಿತ್ತು. ಇವರು ಮುಖ ಆ ಕಡೆ ತಿರುಗಿಸಿಕೊಂಡು ಕೂತಿದ್ದರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಕಣ್ಣು ಹೋದ ದಿನವೂ ಅತ್ತಿರಲಿಲ್ಲ.

ಈಳಿಗೆ ಬದಿಗಿಟ್ಟು "ಡಾಕ್ಟರ ಹತ್ರ ಹೋಗಿ ಬರೋಣ್ವಾ?" ಅಂತ ಕೇಳಿದೆ. "ಯಾವಾಗ?" ಅಂದರು. "ಈಗ್ಲೇ" ಅಂದೆ. ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಇವರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಇವರದು.

ನನ್ನದು ಆಸ್ತಮಾ ಅಂತೆ. ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಡಾಕ್ಟರು ಬಾಟಲಿ ಕಸಕ್ಕೆ ಹಾಕಿಸಿ ಎರಡು ಪಂಪು ಕೊಟ್ಟಿದ್ದಾರೆ, ಒಂದು ದಿನಾ ತಪ್ಪದೆ, ಇನ್ನೊಂದು ಉಸಿರು ಕಟ್ಟಿದಾಗ ಮಾತ್ರ. ಪಂಪಿಗೆ ಸಿಕ್ಕಿಸಲು ಒಂದು ಪ್ಲಾಸ್ಟಿಕ್ ಡಬ್ಬಿಯೂ ಇದೆ. ಅದನ್ನು ಮುಟ್ಟಿ ನೋಡಿ ಇವರು "ದೊರೆಗೂ ಇದೇ ಥರದ್ದು ಕೊಟ್ಟಿರ್ತಾರಾ?" ಅಂತ ಡಾಕ್ಟರನ್ನು ಕೇಳಿದರು. ಯಾವ ದೊರೆ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಹೊರಗೆ ಕೂತವರೆಲ್ಲ ನಗುತ್ತಿದ್ದರು. ಈಗ ಬೆಳಿಗ್ಗೆ ಸಂಜೆ ಇವರದ್ದೇ ಉಸ್ತುವಾರಿ. ನಾನು ಪಂಪು ಎಳೆದುಕೊಂಡರೆ ಪಕ್ಕದಲ್ಲಿ ಕೂತು ಎಣಿಸುತ್ತಾರೆ.

ನಾದಿನಿ, ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ಗೊತ್ತಾಗುತ್ತಿಲ್ಲ. ನಿಮ್ಮ ಅಣ್ಣನಾದರೆ ಲಾರಿಯ ಉದಾಹರಣೆ ಕೊಟ್ಟು ಉದ್ದಕ್ಕೆ ಬರೆಸುತ್ತಿದ್ದರು. ನನಗೆ ಅಷ್ಟು ಬರುವುದಿಲ್ಲ. ದೊರೆಯ ತಲೆಯ ಮೇಲೆ ನನ್ನ ಪರವಾಗಿ ಕೈಯಾಡಿಸಿ. ಮದ್ದಿನಿಂದ ಕೆಮ್ಮು ಬಹಳ ಕಡಿಮೆಯಾಗಿದೆ. ಆದರೂ ಒಮ್ಮೊಮ್ಮೆ ಬರುತ್ತದೆ. ಬಂದಾಗ ಈಗ ನಾನು ಸೆರಗು ಬಾಯಿಗೆ ಒತ್ತಿಕೊಳ್ಳುವುದಿಲ್ಲ, ಇವರಿಗೆ ಕೇಳುವ ಹಾಗೆ ಗಟ್ಟಿಯಾಗಿಯೇ ಕೆಮ್ಮುತ್ತೇನೆ.

ನಿಮ್ಮ
ಅತ್ತಿಗೆ